ಆಯುಧಪೂಜೆಯ ಬಿಸಿಲು

ದಸರಾ ರಜೆ ಮುಗಿಸಿಕೊಂಡು ಬಂದ ಪುರುಷೋತ್ತಮ ಲ್ಯಾಬಿನ ಬೀಗ ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಬಾಗಿಲಿಗೆ ಕಟ್ಟಿ ಒಣಗಿಹೋಗಿದ್ದ ಬಾಳೆಕಂದು. ಆಮೇಲೆ ಬಿದ್ದದ್ದು, ಕಿಟಕಿಯ ಕಟ್ಟೆಯ ಮೇಲೆ ಬೆಳಗಿನ ಬಿಸಿಲಿಗೆ ಮೈಯೊಡ್ಡಿ ಕೂತಿದ್ದ ಕಮಲಾಕ್ಷಮ್ಮನವರ ಪೆಟ್ಟಿಗೆ. ಅದು ಅಲ್ಲಿರಬಾರದಿತ್ತು. ಬೀರುವಿನೊಳಗೆ, ಬಟ್ಟೆ ಸುತ್ತಿಕೊಂಡು, ಕತ್ತಲಲ್ಲಿರಬೇಕಿತ್ತು. ಅವನೇ ಹಾಗೆ ಇಟ್ಟು, ಬೀಗದ ಕೈಯನ್ನು ಪ್ರೊಫೆಸರ ಕೈಗೆ ಕೊಟ್ಟು, ಹಬ್ಬಕ್ಕೆ ಹೆಂಡತಿಯ ತವರು ಮಾಗಡಿಗೆ ಹೋಗಿದ್ದ.

ಹತ್ತಿರ ಹೋಗಿ ನೋಡಿದ. ಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ಅಂಚಿಗೆಲ್ಲ ಅರಿಸಿನ ಕುಂಕುಮ, ಮುಂಭಾಗಕ್ಕೆ ಮೂರೆಳೆ ವಿಭೂತಿ, ಮೂಲೆಯಲ್ಲಿ ಬಾಡಿದ ಚೆಂಡುಹೂವು. ಒಳಗೆ ಸಾಲಾಗಿ ಕೂತಿದ್ದ ಚಿಪ್‌ಗಳ ಮೇಲೆ ಅವನು ಅಂಟಿಸಿದ್ದ ಕಪ್ಪು ಟೇಪು ಒಂದೂ ಇರಲಿಲ್ಲ. ಯಾರೋ ಬಹಳ ಶ್ರದ್ಧೆಯಿಂದ ಕಿತ್ತು, ಅಂಟಿನ ಗುರುತೂ ಉಳಿಯದ ಹಾಗೆ ಸ್ಪಿರಿಟ್ಟಿನಲ್ಲಿ ಒರೆಸಿದ್ದರು. ಚಿಪ್‌ಗಳ ಬೆನ್ನಿನ ಪುಟಾಣಿ ಗಾಜುಗಳು ಥಳಥಳ ಹೊಳೆಯುತ್ತಿದ್ದವು. ಪುರುಷೋತ್ತಮ ಗಾಬರಿಯಲ್ಲಿ ಪೆಟ್ಟಿಗೆಯನ್ನು ಎತ್ತಿ ನೆರಳಿಗೆ ತಂದ.

ಪೂಜೆ ಮಾಡಿದ್ದಕ್ಕೆ ಇಷ್ಟು ಗಾಬರಿ ಯಾಕೆ ಎಂದು ಕೇಳುವವರಿಗೆ ಸ್ವಲ್ಪ ಹಿಂದಿನದನ್ನು ಹೇಳಬೇಕು. ಮೈಸೂರು ರಸ್ತೆಯಲ್ಲಿ, ಕೆಂಗೇರಿಗೆ ಮುಂಚೆಯೇ ಬಸ್ಸಿಳಿದು ನೀಲಗಿರಿ ತೋಪಿನ ಪಕ್ಕದಲ್ಲಿ ನಡೆದರೆ ಸಿಗುತ್ತಿದ್ದ ಆ ಎಲೆಕ್ಟ್ರಿಕಲ್ ವಿಭಾಗದಲ್ಲಿ ಒಂದು ಸ್ಕ್ರೂ ಬೇಕೆಂದರೂ ಮೂರು ಜನರ ಸಹಿ ಬೇಕಾಗುತ್ತಿತ್ತು. ಮೂವರಲ್ಲಿ ಒಬ್ಬರಾದರೂ ಯಾವಾಗಲೂ ರಜೆಯ ಮೇಲಿರುತ್ತಿದ್ದರು. ಅಂಥ ಕಡೆ ಧ್ವನಿ ಪ್ರಯೋಗಾಲಯ ಎಂಬ ಬೋರ್ಡು ಹಾಕಿಸಿ, ಅದರೊಳಗೆ ನಿಜವಾಗಿಯೂ ಕೆಲಸ ನಡೆಯುವ ಹಾಗೆ ಮಾಡಿದವರು ಪ್ರೊಫೆಸರ್ ರೇವಣಸಿದ್ದಯ್ಯ. ದಾವಣಗೆರೆ ಕಡೆಯವರು. ವಾಲ್ವ್ ರೇಡಿಯೋಗಳ ಕಾಲದ ಎಂಜಿನಿಯರು. ಶಬ್ದದ ವಿಷಯದಲ್ಲಿ ಅವರಿಗೆ ತಿಳಿಯದ್ದಿರಲಿಲ್ಲ. ಮೈಕ್ರೋಪ್ರೊಸೆಸರು, ಚಿಪ್ಪು ಎಂದರೆ ಮಾತ್ರ, "ಅದೆಲ್ಲ ಪುರುಷೋತ್ತಮನ ಡಿಪಾರ್ಟ್‌ಮೆಂಟು" ಎಂದು ನಗುತ್ತಿದ್ದರು. ಪುರುಷೋತ್ತಮ ಅವರ ಕೈಕೆಳಗೆ ಲೆಕ್ಚರರ್ ಆಗಿದ್ದುಕೊಂಡೇ ಪಿಎಚ್‌ಡಿ ಮಾಡುತ್ತಿದ್ದ, ಅಥವಾ ಮಾಡುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದ.

ಪ್ರೊಫೆಸರ ಹೆಂಡತಿ ಕಮಲಾಕ್ಷಮ್ಮನಿಗೆ ಗಂಟಲಲ್ಲಿ ಗಂಟು ಕಾಣಿಸಿತು. ಪ್ರಾಣ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದರು ಡಾಕ್ಟರು. ಆಪರೇಷನ್ನಿನ ಹಿಂದಿನ ವಾರ ಪ್ರೊಫೆಸರು ಹೆಂಡತಿಯನ್ನು ಲ್ಯಾಬಿಗೆ ಕರೆದುಕೊಂಡು ಬಂದರು. ಗೋಡೆಗೆ ಕಂಬಳಿ ಹೊದಿಸಿದ ಮೂಲೆಯಲ್ಲಿ ಕೂರಿಸಿ, ಮುಂದೆ ಮೈಕು ಇಟ್ಟು, ಓದಲು ಒಂದು ಹಾಳೆ ಕೊಟ್ಟರು. ಶುದ್ಧ ಗ್ರಂಥದ ಭಾಷೆಯ ವಾಕ್ಯಗಳು. ಕಮಲಾಕ್ಷಮ್ಮ ಒಂದೆರಡು ಓದಿ ಹಾಳೆಯನ್ನು ಪಕ್ಕಕ್ಕಿಟ್ಟರು.

"ಇದನ್ನ ಯಾವ ಮನಿಯೊಳಗೆ ಮಾತಾಡ್ತಾರ್ರೀ? ನಾನು ಮಾತಾಡೋದನ್ನ ನಾನು ಮಾತಾಡ್ತೀನಿ. ನೀವು ಸುಮ್ನೆ ಆ ಚಕ್ರ ತಿರುಗಿಸ್ರಿ."

ಹಾಗೆಂದು ಅವರು ಮೈಕಿನ ಮುಂದೆ ತಮ್ಮ ಇಡೀ ಸಂಸಾರವನ್ನೇ ಮಾತಾಡಿದರು. 'ಹಾಲು ಉಕ್ತೈತಿ ನೋಡ್ರಿ.' 'ಯಾರು ಬಂದಾರೆ?' 'ಊಟ ಮಾಡ್ಕೊಂಡು ಹೋಗಪಾ.' 'ನೋವಾಗ್ತೈತಿ.' 'ಸುಮ್ನಿರ್ರಿ, ನಿಮಗೇನೂ ಗೊತ್ತಾಗಲ್ಲ.' ಕೊನೆಗೆ, ಗಂಡನ ಕಡೆ ನೋಡದೆ, ಅಡುಗೆಮನೆಯಿಂದ ಕರೆಯುವ ಹಾಗೆ ಗಂಟಲೆತ್ತಿ, 'ರೀ... ಸ್ವಲ್ಪ ಇಲ್ಲಿ ಬರ್ರಿ.' ಆ 'ರೀ'ಯನ್ನು ಅವರು ಎಳೆಯುತ್ತಿದ್ದ ರೀತಿಯೇ ಬೇರೆ. ಸಿಟ್ಟೂ ಸಲಿಗೆಯೂ ಎರಡೂ ಅದರಲ್ಲಿರುತ್ತಿದ್ದವು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. ಪುರುಷೋತ್ತಮ ಮೀಟರಿನ ಮುಳ್ಳನ್ನೇ ದಿಟ್ಟಿಸುತ್ತಾ ನಿಂತಿದ್ದ.

ಆ ಮಾತುಗಳನ್ನು ಇನ್ನೊಂದು ಸಂಸ್ಥೆಯ ದೊಡ್ಡ ಕಂಪ್ಯೂಟರಿಗೆ ಉಣಿಸಿ, ಅಂಕಿಗಳಾಗಿ ಬದಲಾಯಿಸಿಕೊಂಡು ತಂದು, ಚಿಪ್‌ಗಳಲ್ಲಿ ತುಂಬಿಸಿ, ಗುಂಡಿ ಒತ್ತಿದರೆ ಕಮಲಾಕ್ಷಮ್ಮ ಮಾತಾಡುವ ಪೆಟ್ಟಿಗೆಯೊಂದನ್ನು ಮಾಡುವುದಕ್ಕೆ ಪುರುಷೋತ್ತಮನಿಗೆ ವರ್ಷಗಳು ಹಿಡಿದವು. ಅಷ್ಟರಲ್ಲಿ ಮಾತು ಹಿಡಿದಿದ್ದ ಟೇಪಿನ ಸುರುಳಿಗೆ ಮಳೆಗಾಲದ ಬೂಷ್ಟು ಹಿಡಿದು ಅದು ಈರುಳ್ಳಿ ಸಿಪ್ಪೆಯ ಹಾಗೆ ಉದುರಿಹೋಗಿತ್ತು. ಆ ಸಂಸ್ಥೆಯವರು ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವಾಗ ಅಂಕಿಗಳಿದ್ದ ಕಾರ್ಡುಗಳನ್ನೂ ಹಾಕಿದ್ದರು. ಎರಡನೇ ಪ್ರತಿಗೆಂದು ಕೇಳಿದ್ದ ಚಿಪ್‌ಗಳ ಫೈಲು ಆಫೀಸಿನಲ್ಲಿ ನಿದ್ದೆ ಹೊಡೆಯುತ್ತಿತ್ತು. ಒಟ್ಟಿನಲ್ಲಿ ಆ ಹೆಂಗಸಿನ ದನಿ ಈ ಭೂಮಿಯ ಮೇಲೆ ಇದ್ದದ್ದು ಆ ಪೆಟ್ಟಿಗೆಯ ಚಿಪ್‌ಗಳಲ್ಲಿ ಮಾತ್ರ.

ಆ ಚಿಪ್‌ಗಳಿಗೆ ಒಂದು ದೌರ್ಬಲ್ಯವಿತ್ತು. ಬರೆದದ್ದನ್ನು ಅಳಿಸಬೇಕಾದರೆ ಬೆನ್ನಿನ ಗಾಜಿನ ಮೂಲಕ ಬೆಳಕು ಹಾಯಿಸಬೇಕು. ಅದಕ್ಕೆಂದೇ ಲ್ಯಾಬಿನಲ್ಲಿ ನೇರಳೆ ದೀಪದ ಒಂದು ಡಬ್ಬಿ ಇತ್ತು. ಅದರೊಳಗಿಟ್ಟರೆ ಸ್ವಲ್ಪ ಹೊತ್ತಿಗೆಲ್ಲ ಸಾಫು. ಆದರೆ ಸೂರ್ಯನ ಬೆಳಕೂ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಕಪ್ಪು ಟೇಪು ಅಂಟಿಸಿದ್ದು ಅದಕ್ಕೇ. ಕಿಟಕಿಗೆ ಗಾಜು ಒಡೆದು ಎಷ್ಟೋ ಕಾಲವಾಗಿತ್ತು. ಇಡೀ ರಜೆಯ ಬಿಸಿಲು ನೇರವಾಗಿ ಕಮಲಾಕ್ಷಮ್ಮನ ಮೇಲೆ ಬಿದ್ದಿತ್ತು.

ಪುರುಷೋತ್ತಮ ಪೆಟ್ಟಿಗೆಗೆ ವೈರು ಸಿಕ್ಕಿಸಿ ಮೊದಲ ಗುಂಡಿ ಒತ್ತಿದ. ಹಾಲು ಉಕ್ಕುವ ಮಾತು ಬರಬೇಕಿತ್ತು. ಗೊರಗೊರ ಎಂದಿತು. ಎರಡನೆಯದು ಒತ್ತಿದ, ಬರೀ ಭುಸುಗುಟ್ಟಿತು. ಊಟವೂ ಇಲ್ಲ, ನೋವೂ ಇಲ್ಲ. ಒಂದೊಂದು ಗುಂಡಿ ಒತ್ತಿದಾಗಲೂ ಇನ್ನೊಂದರಲ್ಲಾದರೂ ಇರಬಹುದು ಎಂದು ದೇವರಿಗೆ ಹರಕೆ ಹೊರುತ್ತಾ ಹೋದ. ಕಟ್ಟಕಡೆಯ ಕೆಂಪು ಗುಂಡಿಯಲ್ಲಿ 'ರೀ...' ಎಂದು ಕಮಲಾಕ್ಷಮ್ಮ ಸ್ವಚ್ಛವಾಗಿ ಕರೆದರು. ಅದರ ಬೆನ್ನಿಗೇ ಮರಳು ಸುರಿದ ಸದ್ದು. ಮತ್ತೆ ಒತ್ತಿದ. ಮತ್ತೆ 'ರೀ...', ಮತ್ತೆ ಮರಳು. ಪುರುಷೋತ್ತಮ ವೈರು ಕಿತ್ತು ಪೆಟ್ಟಿಗೆಯ ಮುಚ್ಚಳ ಹಾಕಿದ.

ಅಷ್ಟರಲ್ಲಿ ಅಟೆಂಡರ್ ಬೈರಪ್ಪ ಕಸಪೊರಕೆ ಹಿಡಿದು ಒಳಗೆ ಬಂದ. ಪುರುಷೋತ್ತಮ ಅವನ ಮೇಲೆ ಹರಿಹಾಯ್ದ.

"ಏನ್ರೀ ಬೈರಪ್ಪ, ಬುದ್ಧಿ ಇದೆಯೇನ್ರೀ ನಿಮಗೆ? ಪೂಜೆ ಮಾಡಿ ಅಂದ್ರೆ ಸಿಕ್ಕಿದ್ದೆಲ್ಲ ಕಿತ್ತು ತೊಳೆಯೋದಾ?"

"ನಾನೆಲ್ಲಿ ಮುಟ್ಟಿದೀನಿ ಸಾರ್? ಕುಂಬಳಕಾಯಿ ಒಡೆದಿದ್ದು ಬಿಟ್ರೆ ನನಗೇನೂ ಕೆಲಸಾನೇ ಕೊಡ್ಲಿಲ್ಲ. ಆ ಪೆಟ್ಟಿಗೆ ಹತ್ರ ನೊಣ ಕೂರಕ್ಕೂ ಬಿಡ್ಲಿಲ್ಲ ದೊಡ್ಡ ಸಾಹೇಬ್ರು. ಅವರೇ ಕೂತ್ಕೊಂಡು ಒರೆಸಿದ್ರು. ಬೇಕಾದ್ರೆ ಕೇಳಿ."

ಕೇಳಲೇಬೇಕಾಗಿತ್ತು. ಹೇಳಲೂಬೇಕಾಗಿತ್ತು. ಪುರುಷೋತ್ತಮ ಕಾರಿಡಾರಿನುದ್ದಕ್ಕೂ ಮಾತುಗಳನ್ನು ಜೋಡಿಸಿಕೊಳ್ಳುತ್ತಾ ಹೋಗಿ ಪ್ರೊಫೆಸರ ರೂಮಿನ ಬಾಗಿಲು ತಳ್ಳಿದ. ಅವರು ಹಬ್ಬದ ಕಳೆ ಇಳಿಯದ ಮುಖದಲ್ಲಿ ಕೂತಿದ್ದರು. ಡಿಸೆಂಬರಿಗೆ ರಿಟೈರಾಗುವವರು ಅಷ್ಟು ಖುಷಿಯಾಗಿದ್ದದ್ದನ್ನು ಅವನು ನೋಡಿರಲಿಲ್ಲ.

"ಬಾರಪಾ, ಬಾ. ನೋಡಿದ್ಯಾ ನಮ್ಮ ಪೆಟ್ಟಿಗೀನ? ಹೆಂಗೆ ಹೊಳೀತಿದೆ! ನನ್ನ ಕೊನೇ ಆಯುಧಪೂಜೆ ನೋಡು, ಅದಕ್ಕೆ ನಾನೇ ಕೈಯಾರೆ ಮಾಡಿದೆ. ನೀನೊಬ್ಬ, ಹೋಗಿ ಹೋಗಿ ಅವಳ ದನಿ ಮೇಲೆ ಕರೀ ಟೇಪು ಅಂಟಿಸಿದ್ಯಲ್ಲೋ! ಹಬ್ಬದ ದಿನ ಕರೀದು ಹಂಗೇ ಬಿಡೋದಾ? ಮನಸ್ಸು ಬರ್ಲಿಲ್ಲಪ್ಪ, ಒಂದೊಂದೇ ಬಿಡಿಸಿ ತೆಗೆದೆ."

"ಸಾರ್, ಆ ಟೇಪು..."

"ಹೆದರ್ಬೇಡ ಮಾರಾಯ. ಕುಂಕುಮ ಗಾಜಿನ ಮೇಲೆ ಬೀಳಲಿಲ್ಲ, ಅಂಚಿಗೆ ಮಾತ್ರ ಹಚ್ಚಿದೀನಿ. ಅಷ್ಟು ಜ್ಞಾನ ಇಲ್ವಾ ನನಗೆ? ಒರೆಸಿದ ಪಸೆ ಆರ್ಲಿ ಅಂತ ಬಿಸಿಲಿಗಿಟ್ಟೆ. ಇನ್ನೊಂದು ಕೇಳು. ಆ ನೇರಳೆ ದೀಪ ಇದೆಯಲ್ಲ, ಅಳಿಸೋದು, ಅದನ್ನ ಬೀರುವಿನೊಳಗೆ ಹಾಕಿ ಬೀಗ ಜಡಿದಿದೀನಿ. ರಜೆಯೊಳಗೆ ಯಾರಾದ್ರೂ ಬಂದು ಅಪ್ಪಿತಪ್ಪಿ ಹಚ್ಚಿದ್ರೆ ಏನು ಗತಿ ಹೇಳು?"

ದೀಪವನ್ನು ಬಂದೋಬಸ್ತಾಗಿ ಕತ್ತಲಲ್ಲಿಟ್ಟು, ಹೆಂಡತಿಯನ್ನು ಬಿಸಿಲಲ್ಲಿಟ್ಟಿದ್ದಾರೆ ಮಹಾನುಭಾವರು. ಕುಂಕುಮವನ್ನಾದರೂ ಗಾಜಿನ ಮೇಲೆ ದಪ್ಪಗೆ ಮೆತ್ತಿದ್ದರೆ ಬೆಳಕು ತಡೆದು ಒಂದಷ್ಟು ಉಳಿಯುತ್ತಿತ್ತೋ ಏನೋ. ಅಲ್ಲಿಯೂ ಜಾಗ್ರತೆ ಮಾಡಿಬಿಟ್ಟಿದ್ದರು. ನಗಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ಪುರುಷೋತ್ತಮನಿಗೆ ತಿಳಿಯಲಿಲ್ಲ.

"ಬಲಿಪಾಡ್ಯಮಿ ದಿನ ಮನೆಗೆ ತಗೊಂಡು ಬಾ. ಕಮಲೂಗೆ ಹೇಳಿಬಿಟ್ಟಿದೀನಿ. ನಾನಿನ್ನೂ ಒಂದು ಶಬ್ದ ಕೇಳಿಲ್ಲ ನೋಡು, ನೀನು ಟೆಸ್ಟ್ ಮಾಡುವಾಗೆಲ್ಲ ಹೊರಗೆ ಹೋಗಿದೀನಿ. ಕೇಳಿದ್ರೆ ಅವಳ ಜೊತೆ ಕೂತೇ ಕೇಳ್ಬೇಕು ಅಂತ."

ಪುರುಷೋತ್ತಮ ತಲೆಯಾಡಿಸಿ ಹೊರಗೆ ಬಂದ. ತಪ್ಪು ನನ್ನದೇ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಯಾವ ಸುಳ್ಳು ಹೇಳಿದರೂ ಅಳಿಸಿದ್ದು ಹೇಗೆ ಎಂದು ಅವರು ಕೇಳುತ್ತಾರೆ. ಬೆಳಕು ಎಂಬ ಮಾತು ಬಂದ ಕೂಡಲೇ ಅವರಿಗೆ ಟೇಪು ನೆನಪಾಗುತ್ತದೆ, ಬಿಸಿಲು ನೆನಪಾಗುತ್ತದೆ. ಅಷ್ಟು ಸಾಕು. ಮಿಕ್ಕ ಆಯಸ್ಸೆಲ್ಲ ಆ ಮನುಷ್ಯ ಮಾತಿಲ್ಲದ ಹೆಂಡತಿಯ ಎದುರು ಕೂತು, ಇವಳ ದನಿಯನ್ನು ಅಳಿಸಿದವನು ನಾನು ಎಂದುಕೊಳ್ಳುತ್ತಾ ಕಳೆಯಬೇಕು.

ಅವನು ಆರ್‌ಪಿಸಿ ಲೇಔಟಿನ ತನ್ನ ಬಾಡಿಗೆ ಮನೆಗೆ ಹೋಗಿ ಹೆಂಡತಿ ಜಲಜಾಳಿಗೆ ಎಲ್ಲವನ್ನೂ ಹೇಳಿದ. ಜಲಜಾ ಚಂದ್ರಾ ಲೇಔಟಿನ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಮಕ್ಕಳಿಗೆ ಕಥೆ ಹೇಳಿ ಹೇಳಿ ಯಾರ ದನಿಯನ್ನು ಬೇಕಾದರೂ ಅಣಕಿಸುವುದು ಅವಳಿಗೆ ಬರುತ್ತಿತ್ತು. ಆ ಮಾತುಗಳನ್ನು ಕಮಲಾಕ್ಷಮ್ಮನ ಹಾಗೆ ತಾನು ಆಡಿಕೊಡಬೇಕೆಂದು ಗಂಡ ಕೇಳುತ್ತಿದ್ದಾನೆ ಎಂದು ಗೊತ್ತಾದ ಮೇಲೆ, ತಿದ್ದುತ್ತಿದ್ದ ಮಕ್ಕಳ ನೋಟುಬುಕ್ಕನ್ನು ಮುಚ್ಚಿಟ್ಟಳು.

"ಇದು ಮೋಸ ಕಣ್ರೀ."

"ಗೊತ್ತು."

"ಆ ಅಮ್ಮನಿಗೆ ಗೊತ್ತಾಗಲ್ವಾ?"

"ಯಂತ್ರದ ದನಿ ಯಾರದಾದ್ರೂ ಕೊಳವೆಯೊಳಗಿಂದ ಬಂದ ಹಾಗೇ ಇರುತ್ತೆ. ಅವರು ತಮ್ಮ ದನಿ ಕೇಳಿ ಎಷ್ಟು ಕಾಲ ಆಯ್ತು ಹೇಳು." ಇದನ್ನು ಅವನು ಅವಳಿಗಿಂತ ಹೆಚ್ಚಾಗಿ ತನಗೇ ಹೇಳಿಕೊಂಡ.

ರಜೆ ಮುಗಿದ ಮೇಲಷ್ಟೇ ಲ್ಯಾಬಿಗೆ ಸ್ವಂತದ್ದೊಂದು ಕಂಪ್ಯೂಟರು ಬಂದಿತ್ತು. ಭಾನುವಾರ ಇಬ್ಬರೂ ಹೋಗಿ ಅದೇ ಕಂಬಳಿಯ ಮೂಲೆಯಲ್ಲಿ ಕೂತರು. ಜಲಜಾ ಹಾಲು ಉಕ್ಕಿಸಿದಳು, ಬಂದವರನ್ನು ಊಟಕ್ಕೆ ಕರೆದಳು, ನೋವೆಂದಳು, ಸುಮ್ನಿರ್ರಿ ಎಂದು ಗದರಿದಳು. ಪುರುಷೋತ್ತಮ ನೆನಪಿನಿಂದ ಹೇಳಿಕೊಟ್ಟ ಹಾಗೆ ದಾವಣಗೆರೆಯ ರಾಗವನ್ನು ಸಾಕಷ್ಟು ಮಟ್ಟಿಗೆ ತಂದಳು. ಕೊನೆಯದಕ್ಕೆ ಬಂದಾಗ ಮೈಕನ್ನು ಕೈಯಿಂದ ಮುಚ್ಚಿಕೊಂಡಳು.

"ಇದೊಂದು ಆಗಲ್ಲ. ಇನ್ನೊಬ್ರ ಗಂಡನ್ನ ನಾನು 'ರೀ' ಅಂತ ಕರೀಲಾ? 'ಸ್ವಲ್ಪ ಇಲ್ಲಿ ಬರ್ರಿ' ಅಂತ ಬೇಕಾದ್ರೆ ಹೇಳ್ತೀನಿ. ಆ ಒಂದು ಮಾತು ನನ್ನ ಬಾಯಲ್ಲಿ ಬರಲ್ಲ, ಬಲವಂತ ಮಾಡ್ಬೇಡಿ."

ಅವನು ಬಲವಂತ ಮಾಡಲಿಲ್ಲ. ಬಿಸಿಲು ಉಳಿಸಿದ್ದೂ ಅದೊಂದನ್ನೇ ತಾನೆ.

ಬೇರೆ ಚಿಪ್‌ಗಳು ಇರಲಿಲ್ಲ. ಜಲಜಾಳ ಮಾತುಗಳನ್ನು ತುಂಬಿಸಬೇಕಾದರೆ ಹಳೆಯ ಚಿಪ್‌ಗಳನ್ನೇ ಪೂರ್ತಿ ಅಳಿಸಬೇಕಿತ್ತು. ಪ್ರೊಫೆಸರು ಜಾಗ್ರತೆಯಿಂದ ಬೀಗ ಹಾಕಿಟ್ಟಿದ್ದ ನೇರಳೆ ದೀಪವನ್ನು ಪುರುಷೋತ್ತಮನೇ ಹೊರಗೆ ತೆಗೆದ. ಕೆಂಪು ಗುಂಡಿಯ 'ರೀ'ಯನ್ನು ಮಾತ್ರ ಮೊದಲು ಕಂಪ್ಯೂಟರಿಗೆ ಎತ್ತಿಕೊಂಡ. ಆಮೇಲೆ ಚಿಪ್‌ಗಳನ್ನು ಡಬ್ಬಿಯೊಳಗೆ ಸಾಲಾಗಿ ಮಲಗಿಸಿ ಮುಚ್ಚಳ ಹಾಕಿ ಸ್ವಿಚ್ಚು ಒತ್ತಿದ. ಸಂದಿಯಿಂದ ನೇರಳೆ ಬೆಳಕು ಕಾಣುತ್ತಿತ್ತು. ಪಾಪ ಪ್ರೊಫೆಸರು ತಿಳಿಯದೆ ಅರ್ಧ ಕೊಂದಿದ್ದರು, ಮಿಕ್ಕರ್ಧವನ್ನು ತಿಳಿದೂ ತಿಳಿದೂ ಕೊಲ್ಲುತ್ತಿದ್ದವನು ತಾನು. ಹಾಗೆ ಅನ್ನಿಸಿದ್ದೇ ಅವನು ಜಲಜಾಳಿಗೆ ಕಾಣಬಾರದೆಂದು ಕಿಟಕಿಯ ಕಡೆ ತಿರುಗಿ ನಿಂತು ಅತ್ತ.

ಬಲಿಪಾಡ್ಯಮಿಯ ದಿನ ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಸವೇಶ್ವರನಗರಕ್ಕೆ ಹೋದ. ಜಲಜಾ ಬರಲಿಲ್ಲ. ಪ್ರೊಫೆಸರ ಮನೆ ಮುಂದೆ ರಂಗೋಲಿ, ಬೀದಿಯಲ್ಲಿ ಪಟಾಕಿಯ ಕಾಗದದ ಚೂರು. ಕಮಲಾಕ್ಷಮ್ಮ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಮಕ್ಕಳ ಸ್ಲೇಟು ಹಿಡಿದು ಬಾಗಿಲಿಗೆ ಬಂದರು. ಅವರ ಮಾತೆಲ್ಲ ಆಗ ಆ ಸ್ಲೇಟಿನಲ್ಲಿ. ಹೊಸ ಸೀರೆ ಉಟ್ಟಿದ್ದರು. ಯಾರೋ ದೂರದ ನೆಂಟರು ಬರುತ್ತಾರೆಂದು ಕಾಯುವವರ ಹಾಗೆ ತಲೆ ಬಾಚಿ ಹೂ ಮುಡಿದಿದ್ದರು.

ಪೆಟ್ಟಿಗೆಯನ್ನು ನಡುಮನೆಯ ಟೀಪಾಯಿಯ ಮೇಲಿಟ್ಟು ವೈರು ಸಿಕ್ಕಿಸಿದ. ಪ್ರೊಫೆಸರು ಹೆಂಡತಿಯ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. "ಒತ್ತು ಕಮಲೂ, ನೀನೇ ಒತ್ತು."

ಅವರು ಬೆರಳು ಚಾಚಿ ಒಂದು ಗುಂಡಿ ಒತ್ತಿದರು. 'ಊಟ ಮಾಡ್ಕೊಂಡು ಹೋಗಪಾ' ಎಂದಿತು ಪೆಟ್ಟಿಗೆ.

ಕಮಲಾಕ್ಷಮ್ಮನ ಮುಖದ ಮೇಲಿದ್ದ ನಗು ಅಲ್ಲೇ ನಿಂತಿತು. ಇನ್ನೊಂದು ಒತ್ತಿದರು. ಮತ್ತೊಂದು. ಬೆರಳು ಅವಸರವಾಯಿತು, ಹುಡುಕುವವರ ಬೆರಳು. ಹಾಲು, ಬಂದವರು, ನೋವು. ಪ್ರತಿ ಸಲವೂ ತಮ್ಮ ಮನೆಯ ಬಾಗಿಲು ತಟ್ಟಿದರೆ ಯಾರೋ ಬೇರೆಯವರು ತೆಗೆದಂತಾಗುತ್ತಿತ್ತು. ಪುರುಷೋತ್ತಮ ನೆಲ ನೋಡುತ್ತಾ ಕೂತ.

ಪ್ರೊಫೆಸರು ಕಣ್ಣು ತೆರೆದರು. "ಸ್ವಲ್ಪ ಬೇರೆ ಥರ ಇದೆ ಅಲ್ವೇನಪಾ? ಯಂತ್ರ ನೋಡು, ಅಷ್ಟು ಇರ್ತದೆ" ಎಂದರು. ಆದರೂ ಮುಖದಲ್ಲಿ ಅನುಮಾನದ ಒಂದು ಗೆರೆ ಇತ್ತು. ಆಗಲೇ ಹೇಳಿಬಿಡಬಹುದಿತ್ತು. ಪುರುಷೋತ್ತಮ ಬಾಯಿ ತೆರೆಯುವಷ್ಟರಲ್ಲಿ ಪ್ರೊಫೆಸರು ಬಗ್ಗಿ ಕೆಂಪು ಗುಂಡಿಯನ್ನು ತಾವೇ ಒತ್ತಿದರು.

'ರೀ... ಸ್ವಲ್ಪ ಇಲ್ಲಿ ಬರ್ರಿ.'

"ಅವಳೇ!" ಎಂದರು ಪ್ರೊಫೆಸರು. "ಅವಳೇ ಕಣೋ ಇವಳು!" ಆಮೇಲೆ ಆ ದೊಡ್ಡ ಮನುಷ್ಯ ಎರಡೂ ಕೈಯಲ್ಲಿ ಹೆಂಡತಿಯ ಕೈ ಹಿಡಿದುಕೊಂಡು ಚಿಕ್ಕ ಹುಡುಗನಂತೆ ಬಿಕ್ಕಿದರು. ಕಮಲಾಕ್ಷಮ್ಮ ಗಂಡನ ತಲೆ ಸವರುತ್ತಾ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಹೋಳಿಗೆ ಬಡಿಸಿದರು. ಪುರುಷೋತ್ತಮ ನೀರು ಕುಡಿದು ಕುಡಿದು ನುಂಗಿದ.

ಹೊರಟಾಗ ಕಮಲಾಕ್ಷಮ್ಮ ಒಬ್ಬರೇ ಗೇಟಿನ ತನಕ ಬಂದರು. ಬೀದಿಯಲ್ಲಿ ಹುಡುಗರು ಆಟಂಬಾಂಬ್ ಹಚ್ಚುತ್ತಿದ್ದರು. ಕಮಲಾಕ್ಷಮ್ಮ ಗೇಟಿನ ಕಂಬಕ್ಕೆ ಸ್ಲೇಟು ಒರಗಿಸಿ ಬರೆದು ತಿರುಗಿಸಿದರು.

'ರೀ ಅನ್ನೋದು ನಂದು. ಆಮೇಲಿಂದು ಯಾರದು?'

ಸುಳ್ಳು ಹೇಳಲು ಅವನಿಗೆ ಶಕ್ತಿ ಇರಲಿಲ್ಲ. "ನನ್ನ ಹೆಂಡ್ತಿದು ಅಮ್ಮ. ಜಲಜಾದು."

ಅವರು ಒರೆಸಿ ಮತ್ತೆ ಬರೆದರು. 'ನಂದು ಏನಾಯ್ತು?'

"ಅಳಿಸಿಹೋಯ್ತಮ್ಮ." ಅವನು ಸ್ಲೇಟಿನಿಂದ ಕಣ್ಣು ತೆಗೆದ. "ನನ್ನ ಕೈಯಿಂದಾನೇ ತಪ್ಪಾಯ್ತು."

ಕಮಲಾಕ್ಷಮ್ಮ ಅವನನ್ನು ನೋಡಿದರು. ಎಷ್ಟೋ ವರ್ಷ ಕೂರಿಸಿ ಊಟ ಹಾಕಿದವರು, ಪುರುಷೋತ್ತಮಪ್ಪ ಎಂದು ಕರೆಯುತ್ತಿದ್ದವರು. ಆ ಕಣ್ಣಿನಲ್ಲಿ ಬೈಗುಳವಿದ್ದಿದ್ದರೂ ಅವನು ತಡೆದುಕೊಳ್ಳುತ್ತಿದ್ದ. ಅಲ್ಲಿ ಇದ್ದದ್ದು ಬೈಗುಳವಲ್ಲ, ಇವನು ಯಾರೋ ಪರಕೀಯ ಎಂಬಂಥ ನೋಟ. ಈ ಮನೆಗೆ ಇನ್ನು ಬರುವ ಮುಖ ತನಗಿಲ್ಲ ಎಂದು ಅವನಿಗೆ ಖಚಿತವಾಯಿತು. ಅವರು ಮತ್ತೆ ಬಳಪ ಹಿಡಿದರು. ಅಕ್ಷರ ಸೊಟ್ಟಗಾಗಿತ್ತು.

'ಅವರಿಗೆ ಹೇಳಬ್ಯಾಡ.'

ಪುರುಷೋತ್ತಮ ತಲೆಯಾಡಿಸಿದ. ಅಷ್ಟರಲ್ಲಿ ಒಳಗೆ ಪ್ರೊಫೆಸರು ಮತ್ತೆ ಕೆಂಪು ಗುಂಡಿ ಒತ್ತಿದರು. 'ರೀ...' ಎಂದು ಕಮಲಾಕ್ಷಮ್ಮ ಕರೆದರು. 'ಸ್ವಲ್ಪ ಇಲ್ಲಿ ಬರ್ರಿ' ಎಂದಳು ಜಲಜಾ.

"ಬಂದೆ ಕಣೇ, ಬಂದೆ" ಎಂದು ಪ್ರೊಫೆಸರು ನಗುತ್ತಾ ಉತ್ತರ ಕೊಟ್ಟರು. ಮತ್ತೆ ಒತ್ತಿದರು. ಮತ್ತೆ, "ಬಂದೆ."

ಗೇಟಿನ ಬಳಿ ನಿಂತಿದ್ದ ಕಮಲಾಕ್ಷಮ್ಮ ಸೆರಗಿನಿಂದ ಸ್ಲೇಟು ಒರೆಸಿಕೊಂಡು ಒಳಗೆ ಹೋದರು.